ಬಹುವರ್ಗ ಪಾತ್ರ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್)

ಬಹುವರ್ಗ ಪಾತ್ರ ಅಥವಾ ಮಲ್ಟಿಕ್ಲಾಸ್ ಪಾತ್ರವೆಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮತ್ತು ಅದೇ ಮಾದರಿಯ ಮೇಜಿನ ಪಾತ್ರಾಭಿನಯ ಆಟಗಳಲ್ಲಿ ಒಂದಕ್ಕಿಂತ ಹೆಚ್ಚು ವರ್ಗಗಳ ವಿದ್ಯೆಯನ್ನು ಪಡೆದಿರುವ ಪಾತ್ರ. ಕತ್ತಿ ಹಿಡಿದ ಯೋಧನೇ ಮಂತ್ರವನ್ನೂ ಕಲಿಯುವುದು, ಕಳ್ಳತನದಲ್ಲಿ ಪಳಗಿದವನು ದೇವರ ಸೇವೆಗೆ ನಿಲ್ಲುವುದು ಮುಂತಾದವು ಇದರ ಸಾಮಾನ್ಯ ರೂಪಗಳು. ಯಾವ ವರ್ಗಗಳನ್ನು, ಎಷ್ಟು ಹಂತಗಳವರೆಗೆ, ಯಾವ ಕ್ರಮದಲ್ಲಿ ತೆಗೆದುಕೊಳ್ಳಬೇಕೆಂದು ಮೊದಲೇ ಲೆಕ್ಕ ಹಾಕುವುದನ್ನು ಆಟಗಾರರು ‘ಬಿಲ್ಡ್’ ಎಂದು ಕರೆಯುತ್ತಾರೆ.

ಎರಡು ವರ್ಗಗಳ ಪಾತ್ರ ಒಂದೇ ವರ್ಗದ ಪಾತ್ರಕ್ಕಿಂತ ಬಲಶಾಲಿಯೆಂಬುದು ಹೊಸಬರ ಸಾಮಾನ್ಯ ಊಹೆ. ಪಡೆಯುವ ಒಟ್ಟು ಹಂತಗಳು ಇಬ್ಬರಿಗೂ ಒಂದೇ ಆದುದರಿಂದ ಈ ಊಹೆ ಅನೇಕ ವೇಳೆ ಸುಳ್ಳಾಗುತ್ತದೆ. ಬಹುವರ್ಗದ ಪಾತ್ರ ಹೊಸದೊಂದನ್ನು ಪಡೆದಾಗಲೆಲ್ಲ ಹಳೆಯ ವರ್ಗದ ಮುಂದಿನ ಸೌಲಭ್ಯ ಒಂದು ಹಂತ ದೂರ ಸರಿಯುತ್ತದೆ. ಆ ವಿಳಂಬ ಆಟದ ಯಾವ ಘಟ್ಟದಲ್ಲಿ ಬೀಳುತ್ತದೆ, ಅದನ್ನು ಪಾತ್ರವೂ ಅದರ ಸಂಗಡಿಗರೂ ತಾಳಿಕೊಳ್ಳಬಲ್ಲರೇ ಎಂಬುದೇ ಯೋಜನೆಯ ಮುಖ್ಯ ಪ್ರಶ್ನೆ.

ಆಟದ ಸ್ವರೂಪ ಮತ್ತು ಪರಿಭಾಷೆ

ಸಾಮಾನ್ಯವಾಗಿ ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತು ಈ ಆಟವನ್ನು ಆಡುತ್ತಾರೆ. ಅವರಲ್ಲಿ ಒಬ್ಬರು ಕಥೆಯನ್ನು ನಡೆಸುವ ಡಂಜನ್ ಮಾಸ್ಟರ್; ಉಳಿದವರಿಗೆ ತಲಾ ಒಂದು ಪಾತ್ರ. ಪಾತ್ರ ಏನು ಮಾಡುತ್ತದೆಂದು ಆಟಗಾರ ಬಾಯಲ್ಲಿ ಹೇಳುತ್ತಾನೆ, ಫಲಿತಾಂಶ ಅನಿಶ್ಚಿತವಾದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಒಂದೇ ಕಥೆ ವಾರಕ್ಕೊಮ್ಮೆ ಸೇರುತ್ತ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವುದುಂಟು. ಇಂಥ ದೀರ್ಘ ಕಥೆಗೆ ಕ್ಯಾಂಪೇನ್ ಎಂದು ಹೆಸರು.

ಪಾತ್ರದ ವೃತ್ತಿಯೇ ವರ್ಗ ಅಥವಾ ಕ್ಲಾಸ್. ೨೦೧೪ರ ನಿಯಮಪುಸ್ತಕದಲ್ಲಿ ಹನ್ನೆರಡು ವರ್ಗಗಳಿವೆ: ಬಾರ್ಬೇರಿಯನ್, ಬಾರ್ಡ್, ಕ್ಲೆರಿಕ್, ಡ್ರೂಯಿಡ್, ಫೈಟರ್, ಮಂಕ್, ಪ್ಯಾಲಡಿನ್, ರೇಂಜರ್, ರೋಗ್, ಸಾರ್ಸರರ್, ವಾರ್ಲಾಕ್ ಮತ್ತು ವಿಝರ್ಡ್. ಇವರಲ್ಲಿ ಕ್ಲೆರಿಕ್ ದೇವತೆಯ ಸೇವಕ, ಪ್ಯಾಲಡಿನ್ ವ್ರತನಿಷ್ಠ ಯೋಧ, ರೋಗ್ ಕಳ್ಳತನ ಮತ್ತು ಚಾತುರ್ಯದಲ್ಲಿ ನಿಪುಣ. ವಿಝರ್ಡ್ ಓದಿ ಕಲಿತ ಮಂತ್ರವಾದಿಯಾದರೆ, ಸಾರ್ಸರರ್ ಹುಟ್ಟಿನಿಂದಲೇ ಮಂತ್ರಶಕ್ತಿ ಪಡೆದವನು. ವಾರ್ಲಾಕ್ ಯಾವುದೋ ಅಲೌಕಿಕ ಶಕ್ತಿಯೊಡನೆ ಒಪ್ಪಂದ ಮಾಡಿಕೊಂಡು ಅದನ್ನು ಪಡೆದಿರುತ್ತಾನೆ.

ಪ್ರತಿ ಪಾತ್ರಕ್ಕೂ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಸಾಮರ್ಥ್ಯಾಂಕಗಳಿರುತ್ತವೆ. ಅನುಭವ ಹೆಚ್ಚಿದಂತೆ ಪಾತ್ರ ೧ರಿಂದ ೨೦ರವರೆಗೆ ಮೇಲೇರುತ್ತದೆ. ಮಂತ್ರಗಳಿಗೂ ೧ರಿಂದ ೯ರವರೆಗೆ ಏರಿಕೆಯಿದೆ. ಮೂಲ ಪುಸ್ತಕಗಳು ಈ ಎರಡನ್ನೂ ‘ಲೆವೆಲ್’ ಎಂಬ ಒಂದೇ ಪದದಿಂದ ಕರೆಯುವುದರಿಂದ ಕಲಿಯುವವರಿಗೆ ಆಗುವ ಗೊಂದಲ ಅಷ್ಟಿಷ್ಟಲ್ಲ. ಈ ಲೇಖನದಲ್ಲಿ ಪಾತ್ರದ ಏರಿಕೆಗೆ ‘ಹಂತ’ ಎಂದೂ ಮಂತ್ರದ ಏರಿಕೆಗೆ ‘ಶ್ರೇಣಿ’ ಎಂದೂ ಬಳಸಲಾಗಿದೆ. ಒಂದು ದಿನದಲ್ಲಿ ಮಂತ್ರ ಪ್ರಯೋಗಿಸಲು ಪಾತ್ರಕ್ಕಿರುವ ಅವಕಾಶಕ್ಕೆ ಸ್ಲಾಟ್ ಎನ್ನುತ್ತಾರೆ. ಸ್ಲಾಟುಗಳಿಗೂ ಶ್ರೇಣಿಯುಂಟು; ಕೆಳಶ್ರೇಣಿಯ ಮಂತ್ರವನ್ನು ಮೇಲಿನ ಶ್ರೇಣಿಯ ಸ್ಲಾಟಿನಿಂದ ಪ್ರಯೋಗಿಸಬಹುದು, ಅದಕ್ಕೆ ವಿರುದ್ಧವಾಗಿ ಸಾಧ್ಯವಿಲ್ಲ.

ಇತಿಹಾಸ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಟಿ.ಎಸ್.ಆರ್. ಸಂಸ್ಥೆ ೧೯೭೪ರಲ್ಲಿ ಪ್ರಕಟಿಸಿತು. ಆಗ ಇದ್ದುದು ಯೋಧ, ಮಂತ್ರವಾದಿ ಮತ್ತು ಕ್ಲೆರಿಕ್ ಎಂಬ ಮೂರೇ ವರ್ಗಗಳು. ಎಲ್ಫ್ ಜನಾಂಗದ ಪಾತ್ರಗಳಿಗೆ ಮಾತ್ರ ಒಂದು ವಿನಾಯಿತಿಯಿತ್ತು: ಅವರು ಒಂದು ಸಾಹಸದಲ್ಲಿ ಯೋಧರಾಗಿ, ಮುಂದಿನ ಸಾಹಸದಲ್ಲಿ ಮಂತ್ರವಾದಿಗಳಾಗಿ ಇರಬಹುದಿತ್ತು. ಎರಡು ವರ್ಗಗಳ ಕಲ್ಪನೆಯ ಬೀಜ ಇದೇ. ಗೈಗ್ಯಾಕ್ಸ್ ತಮಗೆ ಪ್ರೇರಣೆಯೆಂದು ಹೆಸರಿಸಿದ ಲೇಖಕರಲ್ಲಿ ಫ್ರಿಟ್ಜ್ ಲೈಬರ್ ಒಬ್ಬರು. ಅವರ ಕಥೆಗಳ ಗ್ರೇ ಮೌಸರ್ ಮಂತ್ರವಾದಿಯೊಬ್ಬನ ಶಿಷ್ಯನಾಗಿದ್ದು ಅನಂತರ ಕತ್ತಿವರಸೆಯ ಕಳ್ಳನಾದವನು. ಇಂಥ ನಾಯಕರನ್ನು ಓದಿ ಬಂದ ಆಟಗಾರರಿಗೆ ಒಂದೇ ವರ್ಗದ ಚೌಕಟ್ಟು ಇಕ್ಕಟ್ಟೆನಿಸಿದ್ದು ಸಹಜ.

೧೯೭೮ರ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಗಾರರ ಕೈಪಿಡಿ ಇದಕ್ಕೆ ಎರಡು ಬೇರೆ ಬೇರೆ ದಾರಿಗಳನ್ನು ತೆರೆಯಿತು. ಎಲ್ಫ್, ಕುಬ್ಜ ಮೊದಲಾದ ಮನುಷ್ಯೇತರ ಪಾತ್ರಗಳು ಆರಂಭದಿಂದಲೇ ಎರಡು ಅಥವಾ ಮೂರು ವರ್ಗಗಳಲ್ಲಿ ಒಟ್ಟಿಗೆ ಬೆಳೆಯುತ್ತಿದ್ದವು. ಗಳಿಸಿದ ಅನುಭವಾಂಕಗಳು ವರ್ಗಗಳ ನಡುವೆ ಸಮನಾಗಿ ಹಂಚಿಹೋಗುತ್ತಿದ್ದವು. ಮನುಷ್ಯ ಪಾತ್ರಗಳಿಗಿದ್ದ ದಾರಿ ‘ಡ್ಯುಯಲ್ ಕ್ಲಾಸ್’. ಮನುಷ್ಯ ತನ್ನ ಹಳೆಯ ವರ್ಗವನ್ನು ಅಲ್ಲಿಗೇ ನಿಲ್ಲಿಸಿ ಹೊಸದನ್ನು ಮೊದಲ ಹಂತದಿಂದ ಆರಂಭಿಸಬೇಕಿತ್ತು. ಹಳೆಯ ವರ್ಗದ ಮುಖ್ಯ ಸಾಮರ್ಥ್ಯ ಕನಿಷ್ಠ ೧೫, ಹೊಸದರದು ಕನಿಷ್ಠ ೧೭ ಇರಬೇಕೆಂಬುದು ನಿಯಮ. ಹೊಸ ವರ್ಗದ ಹಂತ ಹಳೆಯದನ್ನು ಮೀರುವ ಮೊದಲೇ ಹಳೆಯ ವಿದ್ಯೆಯನ್ನು ಬಳಸಿದರೆ ಅನುಭವಾಂಕ ನಷ್ಟವಾಗುತ್ತಿತ್ತು. ಅದೇ ಪುಸ್ತಕದ ಬಾರ್ಡ್ ಆಗಬೇಕಾದವನು ಮೊದಲು ಫೈಟರ್ ಆಗಿ, ಆಮೇಲೆ ಕಳ್ಳನಾಗಿ, ಕೊನೆಗೆ ಡ್ರೂಯಿಡರ ಬಳಿ ಶಿಷ್ಯನಾಗಬೇಕಿತ್ತು. ಮುಂದಿನ ಹಂತಗಳನ್ನು ಮೊದಲೇ ಲೆಕ್ಕ ಹಾಕದೆ ಆಡಲಾಗದ ಮೊದಲ ಪಾತ್ರ ಪ್ರಾಯಶಃ ಇದೇ.

೧೯೯೭ರಲ್ಲಿ ಟಿ.ಎಸ್.ಆರ್. ಅನ್ನು ಕೊಂಡ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ೨೦೦೦ದಲ್ಲಿ ಮೂರನೆಯ ಆವೃತ್ತಿಯನ್ನು ತಂದಿತು. ಇದು ಹಳೆಯ ಎರಡು ದಾರಿಗಳನ್ನೂ ಕೈಬಿಟ್ಟು ಒಂದು ಸರಳ ತತ್ವವನ್ನು ಇಟ್ಟಿತು: ಪ್ರತಿ ಹಂತವೇರಿದಾಗಲೂ ಆಟಗಾರ ತನಗೆ ಬೇಕಾದ ವರ್ಗದ ಹಂತವನ್ನು ಆರಿಸಿಕೊಳ್ಳಬಹುದು. ವರ್ಗಗಳ ನಡುವೆ ಹಂತಗಳ ಅಂತರ ಬಹಳವಾದರೆ ಅನುಭವಾಂಕದಲ್ಲಿ ಶೇ. ೨೦ರಷ್ಟು ಕಡಿತವಿತ್ತಾದರೂ ಅದಕ್ಕೆ ವಿನಾಯಿತಿಗಳೂ ಇದ್ದವು. ಕೆಲವು ಅರ್ಹತೆಗಳನ್ನು ಪೂರೈಸಿದವರಿಗಷ್ಟೇ ದೊರೆಯುವ ‘ಪ್ರೆಸ್ಟೀಜ್ ಕ್ಲಾಸ್’ಗಳು ಸೇರಿದ ಮೇಲೆ ನಾಲ್ಕೈದು ವರ್ಗಗಳನ್ನು ಜೋಡಿಸಿದ ಪಾತ್ರಗಳು ಸಾಮಾನ್ಯವಾದವು. ಬಿಲ್ಡ್ ರಚನೆ ಆಟದೊಳಗಿನ ಇನ್ನೊಂದು ಆಟವಾಗಿ ಬೆಳೆದದ್ದು ಈ ಕಾಲದಲ್ಲಿ. ಅದಕ್ಕೆ ಪ್ರತಿಕ್ರಿಯೆಯೆಂಬಂತೆ ೨೦೦೮ರ ನಾಲ್ಕನೆಯ ಆವೃತ್ತಿ ಬಿಗಿಯಾಯಿತು. ಅಲ್ಲಿ ‘ಫೀಟ್’ ಎಂಬ ವಿಶೇಷ ಪರಿಣತಿಗಳ ಮೂಲಕ ಮಾತ್ರ ಇನ್ನೊಂದು ವರ್ಗದ ಅಲ್ಪಸ್ವಲ್ಪ ವಿದ್ಯೆ ಸಿಗುತ್ತಿತ್ತು.

೨೦೧೪ರ ಐದನೆಯ ಆವೃತ್ತಿ ಮೂರನೆಯ ಆವೃತ್ತಿಯ ತತ್ವಕ್ಕೆ ಮರಳಿತು. ಆದರೆ ಬಹುವರ್ಗವನ್ನು ಡಂಜನ್ ಮಾಸ್ಟರ್ ಒಪ್ಪಿದರಷ್ಟೇ ಅನ್ವಯಿಸುವ ಐಚ್ಛಿಕ ನಿಯಮವೆಂದು ಘೋಷಿಸಿತು. ಈ ನಿಯಮಗಳನ್ನು ಒಳಗೊಂಡ ಮೂಲ ದಾಖಲೆ ೨೦೨೩ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾದುದರಿಂದ ಯಾರು ಬೇಕಾದರೂ ಅವನ್ನು ಉಚಿತವಾಗಿ ಓದಬಹುದು. ೨೦೨೪ರಲ್ಲಿ ಆಟಗಾರರ ಕೈಪಿಡಿ ಪರಿಷ್ಕೃತವಾಯಿತು. ಮುಂದಿನ ವಿವರಗಳು ೨೦೧೪ರ ನಿಯಮಗಳನ್ನು ಅನುಸರಿಸಿವೆ. ೨೦೨೪ರ ವ್ಯತ್ಯಾಸಗಳನ್ನು ಆಯಾ ಜಾಗದಲ್ಲಿ ಸೂಚಿಸಲಾಗಿದೆ.

ಐದನೆಯ ಆವೃತ್ತಿಯ ನಿಯಮಗಳು

ಹೊಸ ವರ್ಗಕ್ಕೆ ಕಾಲಿಡಬೇಕಾದರೆ ಈಗಿನ ವರ್ಗ ಮತ್ತು ಹೊಸ ವರ್ಗ ಎರಡರ ಮುಖ್ಯ ಸಾಮರ್ಥ್ಯಗಳೂ ಕನಿಷ್ಠ ೧೩ ಇರಬೇಕು. ವಿಝರ್ಡಿಗೆ ಬುದ್ಧಿ, ಕ್ಲೆರಿಕ್ ಮತ್ತು ಡ್ರೂಯಿಡರಿಗೆ ವಿವೇಕ, ಬಾರ್ಡ್, ಸಾರ್ಸರರ್ ಮತ್ತು ವಾರ್ಲಾಕರಿಗೆ ವರ್ಚಸ್ಸು, ಬಾರ್ಬೇರಿಯನ್ನನಿಗೆ ಬಲ, ರೋಗ್‌ಗೆ ಚುರುಕು, ಫೈಟರನಿಗೆ ಬಲ ಅಥವಾ ಚುರುಕು ಬೇಕು. ಪ್ಯಾಲಡಿನ್ನನಿಗೆ ಬಲ ಮತ್ತು ವರ್ಚಸ್ಸು, ಮಂಕ್ ಮತ್ತು ರೇಂಜರರಿಗೆ ಚುರುಕು ಮತ್ತು ವಿವೇಕ, ಹೀಗೆ ಈ ಮೂವರಿಗೆ ಎರಡೆರಡು.

ಮೇಲ್ನೋಟಕ್ಕೆ ಸುಲಭವಾಗಿ ಕಾಣುವ ಈ ನಿಯಮದ ಭಾರ ಲೆಕ್ಕ ಹಾಕಿದಾಗ ತಿಳಿಯುತ್ತದೆ. ಸಾಮರ್ಥ್ಯಗಳನ್ನು ಅಂಕ ಕೊಟ್ಟು ಕೊಳ್ಳುವ ಪದ್ಧತಿಯಲ್ಲಿ ಆಟಗಾರನ ಕೈಯಲ್ಲಿ ೨೭ ಅಂಕಗಳಿರುತ್ತವೆ. ಎಲ್ಲ ಸಾಮರ್ಥ್ಯಗಳೂ ೮ರಿಂದ ಆರಂಭವಾಗುತ್ತವೆ. ೧೩ಕ್ಕೆ ಏರಿಸಲು ೫, ೧೪ಕ್ಕೆ ೭, ೧೫ಕ್ಕೆ ೯ ಅಂಕಗಳು ಬೇಕು. ಮಂಕ್ ಮತ್ತು ಪ್ಯಾಲಡಿನ್ ಎರಡೂ ಆಗಬಯಸುವವನು ಬಲ, ಚುರುಕು, ವಿವೇಕ, ವರ್ಚಸ್ಸು ನಾಲ್ಕನ್ನೂ ೧೩ಕ್ಕೆ ತರಲು ೨೦ ಅಂಕ ವೆಚ್ಚಮಾಡಿದರೆ ಉಳಿಯುವುದು ೭. ಅದರಲ್ಲಿ ತಾಳಿಕೆ ೧೪ ಆಗಬಹುದು. ಜನಾಂಗದಿಂದ ಬರುವ ಹೆಚ್ಚಳವನ್ನು ಬಿಟ್ಟರೆ, ಎಲ್ಲದರಲ್ಲೂ ತೇರ್ಗಡೆಯಾಗಿ ಯಾವುದರಲ್ಲೂ ಮೇಲುಗೈಯಿಲ್ಲದ ಪಾತ್ರವೊಂದು ಸಿದ್ಧವಾಗುತ್ತದೆ. ಆದ್ದರಿಂದ ಒಂದೇ ಸಾಮರ್ಥ್ಯವನ್ನು ನೆಚ್ಚಿದ ವರ್ಗಗಳ ಜೋಡಿಗಳು, ವಿಶೇಷವಾಗಿ ವರ್ಚಸ್ಸಿನ ಗುಂಪಿನವು, ಹೆಚ್ಚು ಪ್ರಚಲಿತ.

ಕೆಲವು ಸಂಗತಿಗಳು ಪಾತ್ರದ ಒಟ್ಟು ಹಂತವನ್ನು ಅವಲಂಬಿಸುತ್ತವೆ. ಅನುಭವಾಂಕದ ಮಿತಿ, +೨ರಿಂದ +೬ರವರೆಗೆ ಬೆಳೆಯುವ ಪ್ರಾವೀಣ್ಯ ಬೋನಸ್ ಮತ್ತು ಸ್ಲಾಟ್ ಬೇಡದ ಕಿರುಮಂತ್ರಗಳ ತೀವ್ರತೆ ಈ ಬಗೆಯವು. ಇವು ಬಹುವರ್ಗದಿಂದ ಕುಗ್ಗುವುದಿಲ್ಲ. ಉಳಿದವು ಆಯಾ ವರ್ಗದ ಹಂತವನ್ನೇ ಅವಲಂಬಿಸುತ್ತವೆ. ಸಾಮರ್ಥ್ಯಾಂಕ ಹೆಚ್ಚಿಸಿಕೊಳ್ಳುವ ಅಥವಾ ಫೀಟ್ ಪಡೆಯುವ ಅವಕಾಶ ಹೆಚ್ಚಿನ ವರ್ಗಗಳಲ್ಲಿ ೪, ೮, ೧೨, ೧೬, ೧೯ನೆಯ ಹಂತಗಳಲ್ಲಿ ಬರುತ್ತದೆ. ಇದು ವರ್ಗದ ಹಂತವೇ ಹೊರತು ಒಟ್ಟು ಹಂತವಲ್ಲ. ಮೂರು ಹಂತ ಫೈಟರ್, ಮೂರು ಹಂತ ರೋಗ್ ಆಗಿರುವವನು ಆರನೆಯ ಹಂತದಲ್ಲಿದ್ದೂ ಈ ಅವಕಾಶವನ್ನು ಒಮ್ಮೆಯೂ ಕಂಡಿರುವುದಿಲ್ಲ. ಆರನೆಯ ಹಂತದ ಶುದ್ಧ ಫೈಟರ್ ಅಷ್ಟರಲ್ಲಿ ಎರಡು ಬಾರಿ ಪಡೆದಿರುತ್ತಾನೆ.

ಒಂದೇ ಹೆಸರಿನ ಸೌಲಭ್ಯ ಎರಡು ವರ್ಗಗಳಿಂದ ಬಂದರೆ ಅದು ಇಮ್ಮಡಿಯಾಗುವುದಿಲ್ಲ. ಒಂದು ಸರದಿಯಲ್ಲಿ ಎರಡು ಬಾರಿ ಹೊಡೆಯುವ ‘ಎಕ್ಸ್‌ಟ್ರಾ ಅಟ್ಯಾಕ್’ ಬಾರ್ಬೇರಿಯನ್, ಫೈಟರ್, ಮಂಕ್, ಪ್ಯಾಲಡಿನ್ ಮತ್ತು ರೇಂಜರರಿಗೆ ಐದನೆಯ ಹಂತದಲ್ಲಿ ದೊರೆಯುತ್ತದೆ. ಇವರಲ್ಲಿ ಇಬ್ಬರನ್ನು ಐದೈದು ಹಂತ ಸೇರಿಸಿದರೂ ಹೊಡೆತಗಳು ಎರಡೇ.

ಮಂತ್ರಗಳ ವಿಷಯದಲ್ಲಿ ನಿಯಮ ಇನ್ನಷ್ಟು ಸೂಕ್ಷ್ಮ. ಸ್ಲಾಟುಗಳ ಸಂಖ್ಯೆ ಎಲ್ಲ ಮಂತ್ರವರ್ಗಗಳ ಹಂತಗಳನ್ನು ಕೂಡಿ ನಿರ್ಧಾರವಾಗುತ್ತದೆ. ಬಾರ್ಡ್, ಕ್ಲೆರಿಕ್, ಡ್ರೂಯಿಡ್, ಸಾರ್ಸರರ್, ವಿಝರ್ಡ್ ಇವರ ಹಂತಗಳು ಪೂರ್ತಿಯಾಗಿ, ಪ್ಯಾಲಡಿನ್ ಮತ್ತು ರೇಂಜರರ ಹಂತಗಳು ಅರ್ಧಕ್ಕೆ ಲೆಕ್ಕ. ಅರ್ಧ ಮಾಡುವಾಗ ೨೦೧೪ರ ನಿಯಮದಲ್ಲಿ ಕೆಳಗಿನ ಪೂರ್ಣಾಂಕವನ್ನು, ೨೦೨೪ರ ನಿಯಮದಲ್ಲಿ ಮೇಲಿನ ಪೂರ್ಣಾಂಕವನ್ನು ಹಿಡಿಯಬೇಕು. ಆದರೆ ಯಾವ ಮಂತ್ರಗಳು ತಿಳಿದಿವೆ ಎಂಬುದನ್ನು ಪ್ರತಿ ವರ್ಗಕ್ಕೂ ಪ್ರತ್ಯೇಕವಾಗಿ, ಆ ವರ್ಗವೊಂದೇ ಇದ್ದಂತೆ ಎಣಿಸಬೇಕು. ಹೀಗಾಗಿ ಮೇಲಿನ ಶ್ರೇಣಿಯ ಸ್ಲಾಟ್ ಕೈಯಲ್ಲಿದ್ದು ಆ ಶ್ರೇಣಿಯ ಒಂದು ಮಂತ್ರವೂ ತಿಳಿಯದಿರುವುದು ಸಾಧ್ಯ. ವಾರ್ಲಾಕನ ಸ್ಲಾಟುಗಳು ಈ ಕೂಡಿಕೆಯಲ್ಲಿ ಸೇರುವುದಿಲ್ಲ. ಅವು ಪ್ರತ್ಯೇಕವಾಗಿದ್ದು ಒಂದು ಗಂಟೆಯ ಕಿರುವಿಶ್ರಾಂತಿಯಿಂದಲೇ ಮರಳುತ್ತವೆ.

ಐದನೆಯ ಹಂತದ ಮಹತ್ವ

ಬಹುವರ್ಗದ ಯೋಜನೆಗಳು ಹೆಚ್ಚಾಗಿ ಮುಗ್ಗರಿಸುವುದು ಐದನೆಯ ಹಂತದಲ್ಲಿ. ಯೋಧವರ್ಗಗಳ ಹೊಡೆತ ಎರಡಾಗುವುದೂ, ಪೂರ್ಣ ಮಂತ್ರವರ್ಗಗಳಿಗೆ ಮೂರನೆಯ ಶ್ರೇಣಿಯ ಮಂತ್ರಗಳು ತೆರೆಯುವುದೂ ಇದೇ ಹಂತದಲ್ಲಿ. ಡಂಜನ್ ಮಾಸ್ಟರ್ ಮುಂದಿಡುವ ಶತ್ರುಗಳೂ ಅದಕ್ಕೆ ತಕ್ಕಂತೆ ಬಲಿಯುತ್ತಾರೆ. ಈ ಹೊತ್ತಿಗೆ ಮೂರು ಹಂತ ಫೈಟರ್, ಎರಡು ಹಂತ ವಿಝರ್ಡ್ ಆಗಿರುವ ಪಾತ್ರಕ್ಕೆ ಎರಡನೆಯ ಹೊಡೆತವೂ ಇಲ್ಲ, ಅಗ್ನಿಗೋಳವೂ ಇಲ್ಲ. ಎರಡು ದೋಣಿಗಳಲ್ಲಿ ಕಾಲಿಟ್ಟವನ ಪಾಡು ಅದರದು.

ಇದರ ಪರಿಣಾಮ ಆ ಒಬ್ಬ ಆಟಗಾರನಿಗೆ ಸೀಮಿತವಾಗುವುದಿಲ್ಲ. ಕ್ಲೆರಿಕ್ ವರ್ಗದ ಮೂರನೆಯ ಶ್ರೇಣಿಯಲ್ಲಿ ‘ರಿವಿವಿಫೈ’ ಎಂಬ ಮಂತ್ರವಿದೆ. ಸತ್ತು ಒಂದು ನಿಮಿಷ ಮೀರದವರನ್ನು ಅದು ಬದುಕಿಸುತ್ತದೆ. ೩೦೦ ಚಿನ್ನದ ನಾಣ್ಯ ಬೆಲೆಯ ವಜ್ರಗಳು ಅದಕ್ಕೆ ವ್ಯಯವಾಗುತ್ತವೆ. ಶುದ್ಧ ಕ್ಲೆರಿಕನಿಗೆ ಅದು ಐದನೆಯ ಹಂತದಲ್ಲಿ ದೊರೆಯುತ್ತದೆ. ತಂಡದ ಏಕೈಕ ಕ್ಲೆರಿಕ್ ಮೂರನೆಯ ಹಂತದಲ್ಲಿ ತನ್ನ ವರ್ಗವನ್ನು ನಿಲ್ಲಿಸಿ ಎರಡು ಹಂತ ವಿಝರ್ಡ್ ಆದನೆಂದು ಭಾವಿಸಿದರೆ, ಐದನೆಯ ಹಂತದಲ್ಲಿ ಕೂಡಿಕೆಯ ನಿಯಮದಂತೆ ಅವನಿಗೆ ಮೂರನೆಯ ಶ್ರೇಣಿಯ ಎರಡು ಸ್ಲಾಟುಗಳಿರುತ್ತವೆ. ವಜ್ರಗಳೂ ಚೀಲದಲ್ಲಿರಬಹುದು. ಆದರೆ ಮಂತ್ರ ತಿಳಿದಿರುವುದಿಲ್ಲ. ಆ ಅವಧಿಯಲ್ಲಿ ಸಂಗಡಿಗನ ಪಾತ್ರ ಸತ್ತರೆ, ಒಂದು ವರ್ಷದಿಂದ ಆಡಿಕೊಂಡು ಬಂದ ಆ ಪಾತ್ರವನ್ನು ಅಲ್ಲಿಗೇ ಬಿಟ್ಟುಕೊಡಬೇಕಾಗಬಹುದು. ತಂಡದಲ್ಲಿ ಯಾರು ಯಾವ ಹೊಣೆ ಹೊತ್ತಿದ್ದಾರೆಂದು ಒಟ್ಟಿಗೆ ಕುಳಿತು ಮಾತಾಡಿದ ಮೇಲೆ ವರ್ಗ ಬದಲಿಸುವುದು ಒಳ್ಳೆಯದೆಂದು ಅನುಭವಿಗಳು ಹೇಳುವುದು ಈ ಕಾರಣಕ್ಕೆ.

ಮೊದಲ ಐದು ಹಂತಗಳನ್ನು ಒಂದೇ ವರ್ಗದಲ್ಲಿ ಮುಗಿಸಿ ಅನಂತರ ಕವಲೊಡೆಯುವುದು ಸುರಕ್ಷಿತ ಮಾರ್ಗ. ಇದಕ್ಕೆ ಅಪವಾದವೂ ಇದೆ. ಎರಡನೆಯ ವರ್ಗದಿಂದ ಒಂದೇ ಒಂದು ಹಂತ ಪಡೆಯುವ ‘ಡಿಪ್’ ಅನ್ನು ಆರಂಭದಲ್ಲೇ ತೆಗೆದುಕೊಂಡರೆ ವಿಳಂಬವೂ ಒಂದೇ ಹಂತಕ್ಕೆ ಮಿತಿಗೊಳ್ಳುತ್ತದೆ. ಫೈಟರ್ ಆಗಿ ಹುಟ್ಟಿ ಎರಡನೆಯ ಹಂತದಿಂದ ವಿಝರ್ಡ್ ಆಗುವ ಪಾತ್ರ ಅಗ್ನಿಗೋಳವನ್ನು ಆರನೆಯ ಹಂತದಲ್ಲಿ ಕಲಿಯುತ್ತದೆ. ಪ್ರತಿಯಾಗಿ ಅದಕ್ಕೆ ಲೋಹದ ಭಾರೀ ಕವಚ, ಗುರಾಣಿ ಮತ್ತು ತಾಳಿಕೆಯ ಸೇವಿಂಗ್ ಥ್ರೋದಲ್ಲಿ ಪ್ರಾವೀಣ್ಯ ದೊರೆತಿರುತ್ತದೆ. ಪೆಟ್ಟು ಬಿದ್ದಾಗಲೂ ನಡೆಯುತ್ತಿರುವ ಮಂತ್ರದ ಮೇಲಿನ ಏಕಾಗ್ರತೆ ಕೆಡದಿರಲು ಬೇಕಾದದ್ದು ಈ ಕೊನೆಯದೇ.

ಇಲ್ಲಿ ಕ್ರಮವೂ ಮುಖ್ಯ. ಸೇವಿಂಗ್ ಥ್ರೋಗಳ ಪ್ರಾವೀಣ್ಯ ಪಾತ್ರದ ಮೊದಲ ವರ್ಗದಿಂದ ಮಾತ್ರ ಬರುತ್ತದೆ. ಅನಂತರ ಸೇರುವ ವರ್ಗಗಳು ಅದನ್ನು ಕೊಡುವುದಿಲ್ಲ. ಫೈಟರ್ ಮತ್ತು ಪ್ಯಾಲಡಿನ್ ವರ್ಗಗಳು ಕೊಡುವ ಭಾರೀ ಕವಚದ ತರಬೇತಿಯೂ ಅವು ಮೊದಲ ವರ್ಗವಾಗಿದ್ದರೆ ಮಾತ್ರ ದೊರೆಯುತ್ತದೆ. ನಡುವೆ ಈ ವರ್ಗಗಳಿಗೆ ಬಂದವರಿಗೆ ಮಧ್ಯಮ ಕವಚದವರೆಗಷ್ಟೇ ಅವಕಾಶ. ಮೇಲಿನ ಪಾತ್ರವೇ ವಿಝರ್ಡ್ ಆಗಿ ಹುಟ್ಟಿ ಎರಡನೆಯ ಹಂತದಲ್ಲಿ ಫೈಟರ್ ಆಗಿದ್ದರೆ ತಾಳಿಕೆಯ ಪ್ರಾವೀಣ್ಯವೂ ಇಲ್ಲ, ಭಾರೀ ಕವಚವೂ ಇಲ್ಲ. ಕೊನೆಯಲ್ಲಿ ಹಂತಗಳ ಪಟ್ಟಿ ಒಂದೇ ಆದರೂ ಪಾತ್ರಗಳು ಬೇರೆ.

ಉದಾಹರಣೆ: ಪ್ಯಾಲಡಿನ್–ಸಾರ್ಸರರ್

ಬಹು ಚರ್ಚಿತವಾದ ಈ ಜೋಡಿಯನ್ನು ಆಟಗಾರರು ‘ಸಾರ್ಕಡಿನ್’ ಎಂದು ಕರೆಯುತ್ತಾರೆ. ಎರಡೂ ವರ್ಗಗಳ ಮಂತ್ರಶಕ್ತಿ ವರ್ಚಸ್ಸನ್ನು ಆಧರಿಸಿದೆ. ಪ್ಯಾಲಡಿನ್ ಎರಡನೆಯ ಹಂತದಲ್ಲಿ ಪಡೆಯುವ ‘ಡಿವೈನ್ ಸ್ಮೈಟ್’ನಿಂದ ಕತ್ತಿಯ ಪೆಟ್ಟು ತಗುಲಿದ ಮೇಲೆ ಒಂದು ಸ್ಲಾಟನ್ನು ವ್ಯಯಿಸಿ ಹೆಚ್ಚಿನ ಹಾನಿ ಮಾಡಬಹುದು. ಮೊದಲ ಶ್ರೇಣಿಯ ಸ್ಲಾಟಿಗೆ ಎಂಟು ಮುಖದ ಎರಡು ದಾಳಗಳು, ಮುಂದಿನ ಪ್ರತಿ ಶ್ರೇಣಿಗೆ ಇನ್ನೊಂದು; ಹೀಗೆ ಹೆಚ್ಚೆಂದರೆ ಐದು. ಪ್ಯಾಲಡಿನ್ನನ ಸ್ಲಾಟುಗಳು ಕಡಮೆ. ಸಾರ್ಸರರನ ಹಂತಗಳು ಅವನ್ನು ಹೆಚ್ಚಿಸುತ್ತವೆ.

೨೭ ಅಂಕಗಳಲ್ಲಿ ಬಲ ೧೫, ವರ್ಚಸ್ಸು ೧೫, ತಾಳಿಕೆ ೧೩, ವಿವೇಕ ೧೨ ಕೊಂಡು ಚುರುಕು ಮತ್ತು ಬುದ್ಧಿಗಳನ್ನು ೮ಕ್ಕೆ ಬಿಡಬಹುದು. ಪಾತ್ರ ಅರ್ಧ ಎಲ್ಫ್ ಆದರೆ ಜನಾಂಗದ ಹೆಚ್ಚಳದಿಂದ ವರ್ಚಸ್ಸು ೧೭, ಬಲ ೧೬, ತಾಳಿಕೆ ೧೪ ಆಗುತ್ತವೆ. ಚುರುಕು ಇಷ್ಟು ಕಡಮೆಯಿರುವವನಿಗೆ ಭಾರೀ ಕವಚ ಬೇಕೇ ಬೇಕು. ಆದ್ದರಿಂದ ಹುಟ್ಟು ಪ್ಯಾಲಡಿನ್ ಆಗಿಯೇ ಆಗಬೇಕು. ಮುಂದೆ ಎರಡು ದಾರಿಗಳಿವೆ.

ಮೊದಲನೆಯದು ಎರಡು ಹಂತ ಪ್ಯಾಲಡಿನ್ ಆಗಿ ಕೂಡಲೇ ಸಾರ್ಸರರ್ ಆಗುವುದು. ಐದನೆಯ ಹಂತದಲ್ಲಿ ಈ ಪಾತ್ರಕ್ಕೆ ಮೊದಲ ಶ್ರೇಣಿಯ ನಾಲ್ಕು, ಎರಡನೆಯ ಶ್ರೇಣಿಯ ಮೂರು, ಒಟ್ಟು ಏಳು ಸ್ಲಾಟುಗಳು; ಶುದ್ಧ ಪ್ಯಾಲಡಿನ್ನನಿಗಿಂತ ಒಂದೇ ಹೆಚ್ಚು. ಹೊಡೆತ ಮಾತ್ರ ಒಂದೇ. ಸಾಮರ್ಥ್ಯ ಹೆಚ್ಚಿಸುವ ಮೊದಲ ಅವಕಾಶ ನಾಲ್ಕನೆಯ ಹಂತದ ಬದಲು ಆರನೆಯದರಲ್ಲಿ. ಹತ್ತನೆಯ ಹಂತದಲ್ಲಿ ನಾಲ್ಕನೆಯ ಶ್ರೇಣಿಯ ಮಂತ್ರಗಳು ತಿಳಿದಿರುತ್ತವೆ, ಐದನೆಯ ಶ್ರೇಣಿಯ ಒಂದು ಸ್ಲಾಟೂ ಇರುತ್ತದೆ. ಆದರೆ ನಾಲ್ಕನೆಯ ಶ್ರೇಣಿಯಲ್ಲೇ ಸ್ಮೈಟ್ ತನ್ನ ಮಿತಿಯಾದ ಐದು ದಾಳಗಳನ್ನು ಮುಟ್ಟಿರುವುದರಿಂದ ಐದನೆಯ ಶ್ರೇಣಿಯ ಸ್ಲಾಟನ್ನು ಅದಕ್ಕೆ ಬಳಸುವುದು ದಂಡ. ಈ ದಾರಿಯ ಪಾತ್ರ ಕವಚ ತೊಟ್ಟ ಮಂತ್ರವಾದಿಯೇ ಹೊರತು ಯೋಧನಲ್ಲ. ಹಾಗೆಂದು ತಿಳಿದು ಆಡಿದರೆ ಚೆನ್ನಾಗಿಯೇ ನಡೆಯುತ್ತದೆ.

ಎರಡನೆಯದು ಆರನೆಯ ಹಂತದವರೆಗೆ ಪ್ಯಾಲಡಿನ್ ಆಗಿಯೇ ಇರುವುದು. ನಾಲ್ಕರಲ್ಲಿ ಸಾಮರ್ಥ್ಯದ ಹೆಚ್ಚಳ, ಐದರಲ್ಲಿ ಎರಡನೆಯ ಹೊಡೆತ, ಆರರಲ್ಲಿ ‘ಆರಾ ಆಫ್ ಪ್ರೊಟೆಕ್ಷನ್’. ತನ್ನ ಮತ್ತು ಹತ್ತು ಅಡಿ ಅಂತರದೊಳಗಿನ ಸಂಗಡಿಗರ ಎಲ್ಲ ಸೇವಿಂಗ್ ಥ್ರೋಗಳಿಗೂ ವರ್ಚಸ್ಸಿನ ಬೋನಸ್ಸನ್ನು ಸೇರಿಸುವ ಈ ಸೌಲಭ್ಯ ಇಡೀ ಆಟದಲ್ಲೇ ಅತ್ಯಂತ ಬೆಲೆಯುಳ್ಳವುಗಳಲ್ಲಿ ಒಂದು. ಏಳರಿಂದ ಸಾರ್ಸರರ್ ಹಂತಗಳು. ಹತ್ತನೆಯ ಹಂತಕ್ಕೆ, ಅಂದರೆ ಆರು ಹಂತ ಪ್ಯಾಲಡಿನ್ ಮತ್ತು ನಾಲ್ಕು ಹಂತ ಸಾರ್ಸರರ್ ಆದಾಗ, ಕೂಡಿಕೆ ೩ ಮತ್ತು ೪ ಸೇರಿ ೭. ಅದರಂತೆ ಮೊದಲ ನಾಲ್ಕು ಶ್ರೇಣಿಗಳಲ್ಲಿ ಕ್ರಮವಾಗಿ ನಾಲ್ಕು, ಮೂರು, ಮೂರು, ಒಂದು ಸ್ಲಾಟುಗಳು. ಎರಡೂ ವರ್ಗಗಳಿಂದ ತಿಳಿದ ಮಂತ್ರಗಳು ಮಾತ್ರ ಎರಡನೆಯ ಶ್ರೇಣಿ ದಾಟುವುದಿಲ್ಲ. ಮೇಲಿನ ನಾಲ್ಕು ಸ್ಲಾಟುಗಳು ಸ್ಮೈಟಿಗೆ ಅಥವಾ ಕೆಳಗಿನ ಮಂತ್ರಗಳನ್ನು ಬಲಪಡಿಸಲು. ಅದೇ ಹಂತದ ಶುದ್ಧ ಪ್ಯಾಲಡಿನ್ನನಿಗೆ ನಾಲ್ಕು, ಮೂರು, ಎರಡು ಸ್ಲಾಟುಗಳಷ್ಟೇ. ಆದರೆ ಮೂರನೆಯ ಶ್ರೇಣಿಯ ಮಂತ್ರಗಳು ತಿಳಿದಿರುತ್ತವೆ, ಸಾಮರ್ಥ್ಯದ ಎರಡನೆಯ ಹೆಚ್ಚಳವೂ ಹತ್ತರ ಬದಲು ಎಂಟನೆಯ ಹಂತದಲ್ಲೇ ಸಿಕ್ಕಿರುತ್ತದೆ.

ಯಾವ ದಾರಿ ಲೇಸೆಂಬುದು ಕ್ಯಾಂಪೇನ್ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅವಲಂಬಿಸಿದೆ. ಇಪ್ಪತ್ತನೆಯ ಹಂತದ ಭವ್ಯ ಪಟ್ಟಿಯನ್ನು ಮುಂದಿಟ್ಟುಕೊಂಡು ಪಾತ್ರ ರಚಿಸುವವರು ಬಹಳ. ಅಲ್ಲಿಯವರೆಗೆ ತಲುಪುವ ಕ್ಯಾಂಪೇನುಗಳು ವಿರಳ. ಏಳನೆಯ ಹಂತದಲ್ಲಿ ಕಥೆ ಮುಗಿಯುವುದಾದರೆ ಎರಡನೆಯ ದಾರಿಯವನು ಸಾರ್ಸರರ್ ಆಗಿ ಒಂದೇ ಹಂತ ಕಂಡಿರುತ್ತಾನೆ, ಮೊದಲ ದಾರಿಯವನು ಒಂಟಿ ಹೊಡೆತದಲ್ಲೇ ಕಥೆಯನ್ನು ಮುಗಿಸಿರುತ್ತಾನೆ. ಡಂಜನ್ ಮಾಸ್ಟರನ್ನು ಮೊದಲೇ ಕೇಳಿ ತಿಳಿಯುವುದೊಂದೇ ಇದಕ್ಕೆ ಉಪಾಯ.

೨೦೨೪ರ ಪರಿಷ್ಕರಣೆಯಲ್ಲಿ ಡಿವೈನ್ ಸ್ಮೈಟ್ ಒಂದು ಮಂತ್ರವಾಗಿ ಮಾರ್ಪಟ್ಟು, ಬೋನಸ್ ಆಕ್ಷನ್ ಬಳಸಿ ಸರದಿಗೆ ಒಮ್ಮೆ ಮಾತ್ರ ಪ್ರಯೋಗಿಸುವಂತಾಯಿತು. ಒಂದೇ ಸರದಿಯಲ್ಲಿ ಹಲವು ಸ್ಲಾಟುಗಳನ್ನು ಸುರಿಯುವ ಹಳೆಯ ತಂತ್ರ ಇದರಿಂದ ಕೊನೆಗೊಂಡಿತು.

ಹೊಂದುವ ಮತ್ತು ಹೊಂದದ ಜೋಡಿಗಳು

ಬಾರ್ಬೇರಿಯನ್ ರೋಷಾವೇಶದಲ್ಲಿರುವಾಗ ಮಂತ್ರ ಹೇಳುವಂತಿಲ್ಲ, ಮಂತ್ರದ ಮೇಲೆ ಏಕಾಗ್ರತೆ ಇಡುವಂತಿಲ್ಲ. ಹೀಗಾಗಿ ಅವನಿಗೂ ವಿಝರ್ಡಿಗೂ ಕೂಡಿಬರುವುದಿಲ್ಲ. ರೋಗ್ ಜೊತೆ ಚೆನ್ನಾಗಿ ಹೊಂದುತ್ತದೆ. ರೋಗನ ‘ಸ್ನೀಕ್ ಅಟ್ಯಾಕ್’ಗೆ ರೇಪಿಯರ್‌ನಂಥ ಹಗುರ ಕೈಚಳಕದ ಆಯುಧ ಬೇಕೆಂಬ ನಿಯಮವಿದೆಯೇ ಹೊರತು ಅದನ್ನು ಚುರುಕಿನಿಂದಲೇ ಬೀಸಬೇಕೆಂದಿಲ್ಲ. ಬಲದಿಂದ ಬೀಸಿದರೆ ರೋಷದ ಹೆಚ್ಚುವರಿ ಹಾನಿಯೂ ಸೇರುತ್ತದೆ. ಬಾರ್ಬೇರಿಯನ್ ಮತ್ತು ಮಂಕ್ ಇಬ್ಬರಿಗೂ ಕವಚವಿಲ್ಲದೆ ರಕ್ಷಣೆ ಪಡೆಯುವ ವಿದ್ಯೆಯಿದೆ. ಮೊದಲು ಬಂದದ್ದು ಮಾತ್ರ ಉಳಿಯುತ್ತದೆ.

ಎರಡು ಹಂತ ಫೈಟರ್ ಆದರೆ ದೊರೆಯುವ ‘ಆಕ್ಷನ್ ಸರ್ಜ್’ ಒಂದು ಸರದಿಯಲ್ಲಿ ಇನ್ನೊಂದು ಕ್ರಿಯೆಗೆ ಅವಕಾಶ ನೀಡುವುದರಿಂದ ಮಂತ್ರವಾದಿಗಳಿಗೂ ಅದರ ಮೇಲೆ ಕಣ್ಣಿತ್ತು. ೨೦೨೪ರ ಪುಸ್ತಕ ಆ ಹೆಚ್ಚುವರಿ ಕ್ರಿಯೆಯಲ್ಲಿ ಮಂತ್ರಪ್ರಯೋಗವನ್ನು ನಿಷೇಧಿಸಿತು. ಎಲ್ಲ ಉಪವರ್ಗಗಳನ್ನೂ ಮೂರನೆಯ ಹಂತಕ್ಕೆ ಸರಿಸಿದ ಅದೇ ಪರಿಷ್ಕರಣೆಯಿಂದ ಒಂದು ಹಂತದ ಡಿಪ್‌ಗಳ ಆಕರ್ಷಣೆಯೂ ತಗ್ಗಿತು.

ವಿವಾದಗಳು

ನಿಯಮಗಳ ಸಂದುಗಳನ್ನು ಹುಡುಕುವ ಬಿಲ್ಡ್‌ಗಳಲ್ಲಿ ‘ಕಾಫಿಲಾಕ್’ ಕುಖ್ಯಾತ. ವಾರ್ಲಾಕನ ಸ್ಲಾಟುಗಳು ಕಿರುವಿಶ್ರಾಂತಿಯಲ್ಲಿ ಮರಳುತ್ತವೆ. ಸಾರ್ಸರರ್ ಸ್ಲಾಟುಗಳನ್ನು ಅಂಕಗಳಾಗಿ, ಅಂಕಗಳನ್ನು ಮತ್ತೆ ಸ್ಲಾಟುಗಳಾಗಿ ಪರಿವರ್ತಿಸಬಲ್ಲ. ಎರಡೂ ವರ್ಗದವನು ರಾತ್ರಿ ನಿದ್ದೆ ಮಾಡದೆ ಕಿರುವಿಶ್ರಾಂತಿಗಳನ್ನೇ ಪಡೆಯುತ್ತಿದ್ದರೆ ಸ್ಲಾಟುಗಳನ್ನು ಮಿತಿಯಿಲ್ಲದೆ ಕೂಡಿಡಬಹುದೆಂಬುದು ವಾದ. ನಿದ್ದೆಗೆಡಿಸುವ ಕಾಫಿಯಿಂದ ಈ ಹೆಸರು. ೨೦೧೭ರ ‘ಝಾನಥಾರ್ಸ್ ಗೈಡ್ ಟು ಎವೆರಿಥಿಂಗ್’ ಪುಸ್ತಕದಲ್ಲಿ ದೀರ್ಘವಿಶ್ರಾಂತಿಯಿಲ್ಲದೆ ೨೪ ಗಂಟೆ ಕಳೆದವರಿಗೆ ಬಳಲಿಕೆ ತಗುಲುವ ಐಚ್ಛಿಕ ನಿಯಮ ಬಂದಿತು. ಅದಿಲ್ಲದೆಯೂ ಬಹುಪಾಲು ಡಂಜನ್ ಮಾಸ್ಟರರು ಇದನ್ನು ಒಪ್ಪುವುದಿಲ್ಲ.

ಇನ್ನೊಂದು ವಿವಾದ ಹೆಚ್ಚು ಮೂಲಭೂತವಾದದ್ದು. ಲೆಕ್ಕ ಹಾಕಿ ಪಾತ್ರ ಕಟ್ಟುವವರು ಅಭಿನಯವನ್ನೂ ಕಥೆಯನ್ನೂ ಕಡೆಗಣಿಸುತ್ತಾರೆಂಬ ಆಕ್ಷೇಪ ಮೂರನೆಯ ಆವೃತ್ತಿಯ ಕಾಲದಿಂದಲೂ ಇದೆ. ಎರಡೂ ಒಂದಕ್ಕೊಂದು ವಿರುದ್ಧವೆಂದು ಭಾವಿಸುವುದೇ ತಪ್ಪೆಂಬ ಪ್ರತಿವಾದ ಆಟಗಾರರಲ್ಲಿ ‘ಸ್ಟಾರ್ಮ್‌ವಿಂಡ್ ಹೇತ್ವಾಭಾಸ’ ಎಂಬ ಹೆಸರಿನಿಂದ ಪ್ರಸಿದ್ಧ. ಆದರೂ ಆಕ್ಷೇಪ ಪೂರ್ತಿ ನಿರಾಧಾರವಲ್ಲ. ದೇವರ ವ್ರತ ಹಿಡಿದ ಪ್ಯಾಲಡಿನ್ ಒಂದು ಮುಂಜಾನೆ ಎದ್ದು ಕಾರಣವಿಲ್ಲದೆ ವಾರ್ಲಾಕನಾದರೆ, ಆ ಒಪ್ಪಂದವನ್ನು ಯಾರೊಡನೆ, ಯಾವ ಬೆಲೆಗೆ ಮಾಡಿಕೊಂಡನೆಂದು ಸಂಗಡಿಗರು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಕಥೆಯಲ್ಲಿ ಮೊದಲೇ ಬಿತ್ತಿದ್ದರೆ ಅದೇ ಕ್ಯಾಂಪೇನಿನ ಒಳ್ಳೆಯ ಪ್ರಸಂಗವಾಗುವುದುಂಟು.

ಇತರ ಆಟಗಳಲ್ಲಿ

ಪೈಝೋ ಸಂಸ್ಥೆಯ ಪಾತ್‌ಫೈಂಡರ್ ಆಟದ ೨೦೦೯ರ ಮೊದಲ ಆವೃತ್ತಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರನೆಯ ಆವೃತ್ತಿಯ ಮುಕ್ತ ಪದ್ಧತಿಯನ್ನೇ ಮುಂದುವರಿಸಿತು. ೨೦೧೯ರ ಎರಡನೆಯ ಆವೃತ್ತಿಯಲ್ಲಿ ಪಾತ್ರದ ಮೂಲವರ್ಗ ಬದಲಾಗುವುದಿಲ್ಲ; ‘ಡೆಡಿಕೇಷನ್’ ಎಂಬ ಫೀಟ್ ಮೂಲಕ ಇನ್ನೊಂದು ವರ್ಗದ ವಿದ್ಯೆಯನ್ನು ಸ್ವಲ್ಪಸ್ವಲ್ಪವಾಗಿ ಪಡೆಯಬಹುದು.

ಕಂಪ್ಯೂಟರ್ ಆಟಗಳ ಪೈಕಿ ೧೯೯೮ರ ಬಾಲ್ಡರ್ಸ್ ಗೇಟ್ ಮತ್ತು ೨೦೦೦ದ ಅದರ ಎರಡನೆಯ ಭಾಗ ಹಳೆಯ ಡ್ಯುಯಲ್ ಕ್ಲಾಸ್ ನಿಯಮವನ್ನು ಹೊಸ ಪೀಳಿಗೆಗೆ ಪರಿಚಯಿಸಿದವು. ೨೦೦೨ರ ನೆವರ್‌ವಿಂಟರ್ ನೈಟ್ಸ್‌ನಲ್ಲಿ ಮೂರು ವರ್ಗಗಳವರೆಗೆ ಜೋಡಿಸಬಹುದಿತ್ತು. ಲೇರಿಯನ್ ಸಂಸ್ಥೆಯ ೨೦೨೩ರ ಬಾಲ್ಡರ್ಸ್ ಗೇಟ್ ೩ ಐದನೆಯ ಆವೃತ್ತಿಯನ್ನು ಆಧರಿಸಿದ್ದರೂ ೧೩ರ ಸಾಮರ್ಥ್ಯದ ಅರ್ಹತೆಯನ್ನು ಕೈಬಿಟ್ಟಿದೆ. ಹಂತಗಳು ೧೨ಕ್ಕೆ ನಿಲ್ಲುತ್ತವೆ. ಅದರಲ್ಲಿ ವಿದರ್ಸ್ ಎಂಬ ಪಾತ್ರಕ್ಕೆ ೧೦೦ ಚಿನ್ನದ ನಾಣ್ಯಗಳನ್ನು ಕೊಟ್ಟು ಎಲ್ಲ ಹಂತಗಳನ್ನೂ ಅಳಿಸಿ ಮೊದಲಿನಿಂದ ಆರಿಸಿಕೊಳ್ಳಬಹುದು. ೨೦೧೪ರ ಮೇಜಿನ ಆಟದ ನಿಯಮಗಳಲ್ಲಿ ಒಮ್ಮೆ ತೆಗೆದುಕೊಂಡ ವರ್ಗದ ಹಂತವನ್ನು ಹಿಂದಿರುಗಿಸುವ ವಿಧಾನವಿಲ್ಲ; ಡಂಜನ್ ಮಾಸ್ಟರ್ ಮನಸ್ಸು ಮಾಡಿ ಅವಕಾಶ ಕೊಟ್ಟರೆ ಉಂಟು.